ನಾವು ಯಾವ ಸಂಸ್ಥಾನದವರು? ಜನವರಿ 26ರ ಜಗಳ ಇನ್ನೂ ಮುಗದಿಲ್ಲ

ಬೆಟಗೇರಿ_ಸೊಸಿ:

ಎಲ್ಲಾರಿಗೂ ವಂದನೆ ರೀ. ಇಲ್ಲೆ ಭಾಳ ದಿವಸದಿಂದ ಓದಾಕತ್ತೀನಿ, ಬರಿಯೂದು ಮಾತ್ರ ಇದ ಮೊದಲನೇ ಸಲ, ಉದ್ದ ಆದ್ರ ಬೈಬ್ಯಾಡ್ರಿ.

ನಮ್ಮದು ಬೆಟಗೇರಿ. ಬಾಸೆಲ್ ಮಿಶನ್ ಕಾಲದಿಂದ ಕ್ರೈಸ್ತರು, ಈಗ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ). ನಾ ಮದಿವ್ಯಾಗಿ ಈ ಮನಿಗೆ ಬಂದಾಗಿಂದ ನೋಡಾಕತ್ತೀನಿ, ಆಗಸ್ಟ್ 15ಕ್ಕ ಮತ್ತ ಜನವರಿ 26ಕ್ಕ ನಮ್ಮ ಚರ್ಚಿನ ಕಂಪೌಂಡ್‌ನ್ಯಾಗ ಝೆಂಡಾ ಹಾರಸ್ತಾರ, ಜನಗಣಮನ ಹಾಡ್ತಾರ, ಬೂಂದಿ ಲಾಡು ಹಂಚ್ತಾರ, ಮನಿಗೆ ಹೋಗ್ತಾರ. ಇಷ್ಟ. ಹಗ್ಗ ಜಗ್ಗಾವ್ರು ಯಾವಾಗ್ಲೂ ನಮ್ಮ ಮಾವನೋರು. ಅವರು ಮಿಲಿಟರಿ ಮಂದಿ, ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಒಳಗ ಇದ್ರು, 71ರ ಯುದ್ಧದ ಟೈಮಿಗೆ ಹೊಸಾ ಹುಡುಗ. ಅವರ ಪೆನ್ಶನ್ ಪೇಪರ್ ಎಲ್ಲಾ ಮನ್ಯಾಗಿನ ದೊಡ್ಡ ಬೈಬಲ್ ಒಳಗ ಇರ್ತಾವ, ಕೀರ್ತನೆ ಪುಸ್ತಕದ ನಡುವ. ಬ್ಯಾಂಕಿಗೆ ಹೋಗೂದಿದ್ರ ಮೊದಲ ಬೈಬಲ್ ತಗೀಬೇಕು.

ಈ ಸಲ ಜನವರಿ 26 ಐತ್ವಾರನ ಬಂತು. ಆರಾಧನಿ ಮುಗದು ಎಲ್ಲಾರೂ ಹೊರಗ ನಿಂತಿದ್ವಿ. ಅಷ್ಟರಾಗ ಯೂತ್ ಫೆಲೋಶಿಪ್ ಹುಡುಗ ಒಬ್ಬಾಂವ (ಒಳ್ಳೆ ಹುಡುಗನ ಅದಾನ್ರೀ, ಎಲ್ಲೋ ಒಂದ್ ವರ್ಷ ಬೈಬಲ್ ಟ್ರೇನಿಂಗ್ ಮುಗಿಸಿ ಈಗ ಬಂದಾನ) ಮುಂದ ಬಂದು, ಆರಾಧನಿ ಮಾಡಿದ ಬಾಯಾಗ ಮತ್ತೊಂದಕ್ಕ ಜಯ ಅನಬಾರದು, ಬಟ್ಟಿಗೆ ಸೆಲ್ಯೂಟ್ ಹೊಡಿಯೂದು ವಿಗ್ರಹಾರಾಧನೆ ಇದ್ದಂಗ, ಫಿಲಿಪ್ಪಿ 3:20 ಓದ್ರಿ, "ನಾವಾದರೋ ಪರಲೋಕಸಂಸ್ಥಾನದವರು" ಅಂತ ಬರದೈತಿ, ನಮಗ ಈ ಲೋಕದ ಝೆಂಡಾ ಯಾಕ ಅಂದ. ಜೋರ್ ದನಿ ಏನ್ ಮಾಡ್ಲಿಲ್ಲ, ಮೆತ್ತಗನ ಅಂದ, ಅದಕ್ಕ ಇನ್ನೂ ಕೆಟ್ಟ ಅನಿಸ್ತು.

ಮಾವನೋರು ಏನೂ ಮಾತಾಡ್ಲಿಲ್ಲ. ಹಗ್ಗ ಪಾಸ್ಟರ್ ಕೈಯಾಗ ಕೊಟ್ರು, ಚಪ್ಪಲಿ ಹಾಕ್ಕೊಂಡು ನಡದ್ರು. ಎರಡ್ ಐತ್ವಾರ ಆತು, ಚರ್ಚಿಗೆ ಬಂದಿಲ್ಲ. ಮನ್ಯಾಗ ಕುಂತು ರೇಡಿಯೋ ಕೇಳ್ತಾರ.

ನನ್ನ ಕಷ್ಟ ಏನಂದ್ರ ನನಗ ಇಬ್ಬರೂ ಖರೆ ಅನಸ್ತಾರ. ದಿನಾ ಬೆಳಿಗ್ಗೆ "ನಿನ್ನ ರಾಜ್ಯವು ಬರಲಿ" ಅಂತೀನಿ, ಅದೇನ್ ಬಾಯಿಮಾತಿಗೆ ಅನ್ನೂದಲ್ಲ. ಹಂಗಂತ ಝೆಂಡಾ ಮ್ಯಾಲೆ ಹೋಗಿ ಹೂವಿನ ಪಕಳಿ ಉದುರಿದಾಗ ಕಣ್ಣಾಗ ನೀರ್ ಬರ್ತಾವಲ್ಲ, ಅದೂ ಸುಳ್ಳಲ್ಲ. ಮಗ ಒಂಬತ್ತನೇತ್ತಾ ಅದಾನ, ಎನ್‌ಸಿಸಿ ಸೇರ್ಯಾನ. ನಿನ್ನೆ ಊಟಕ್ಕ ಕುಂತಾಗ "ಮಮ್ಮಿ, ಯುದ್ಧ ಆದ್ರ ಯೇಸು ಯಾರ ಕಡೆ?" ಅಂದ. ನಾ "ಪಲ್ಯ ಹಾಕ್ಲೇನು?" ಅಂದೆ.

ಮ್ಯಾಲೆ ಆಫೀಸ್ನ್ಯಾಗ ಒಬ್ರು ಚಾಷ್ಟಿ ಮಾಡಿದ್ರು, "ನಿಮ್ಮ ಪೋಪ್ ಏನಂತಾರ?" ಅಂತ. ನಮಗ ಪೋಪ್ ಇಲ್ರೀ, ನಾವು ಸಿಎಸ್‌ಐ, ಅದನ್ನ ಎಷ್ಟ್ ಸಲ ಹೇಳೂದು.

ನೀವೆಲ್ಲಾ ಇದನ್ನ ಹೆಂಗ ನಿಭಾಯಿಸ್ತೀರಿ? ಮಗಗ ಏನ್ ಹೇಳ್ಲಿ? ಮಾವನೋರನ್ನ ಹೆಂಗ ಕರಕೊಂಡ್ ಬರ್ಲಿ? "ಪ್ರಾರ್ಥನೆ ಮಾಡಿ ಸಿಸ್ಟರ್" ಅಂತ ಮಾತ್ರ ಬರೀಬ್ಯಾಡ್ರಿ, ಅದನ್ನ ಮಾಡಾಕತ್ತೀನಿ.

ಬಲ್ಮಠದವ:

ಅಕ್ಕ, ಮೊದಲು ನಿಮ್ಮ ಮಾವನವರಿಗೆ ನನ್ನದೊಂದು ನಮಸ್ಕಾರ ಹೇಳಿ.

ನಾನು ಮಂಗಳೂರಿನ ಬಲ್ಮಠದಲ್ಲಿ ಥಿಯಾಲಜಿ ಓದಿದವ, ಈಗ ಪಾಸ್ಟರ್ ಅಲ್ಲ, ಅದು ಬೇರೆ ಕಥೆ. ಆ ಹುಡುಗ ಹೇಳಿದ ವಾಕ್ಯ ಸರಿಯೇ ಉಂಟು, ಆದ್ರೆ ಆ ಪತ್ರ ಯಾವ ಊರಿಗೆ ಹೋದದ್ದು ಅಂತ ಅವನಿಗೆ ಯಾರೂ ಹೇಳಿಕೊಟ್ಟ ಹಾಗೆ ಕಾಣುವುದಿಲ್ಲ.

ಫಿಲಿಪ್ಪಿ ಅಂದ್ರೆ ಸುಮ್ಮನೆ ಒಂದು ಊರಲ್ಲ ಮಾರಾಯ್ರೆ. ಕ್ರಿಸ್ತಪೂರ್ವ 42ರಲ್ಲಿ ಅಲ್ಲಿ ಒಂದು ದೊಡ್ಡ ಯುದ್ಧ ಆಯ್ತು, ಜೂಲಿಯಸ್ ಸೀಸರನ್ನು ಕೊಂದವರು ಒಂದು ಕಡೆ, ಆಂಟನಿ ಆಕ್ಟೇವಿಯನ್ ಒಂದು ಕಡೆ. ಗೆದ್ದ ಮೇಲೆ ನಿವೃತ್ತ ಸೈನಿಕರಿಗೆ ಅಲ್ಲೇ ಜಮೀನು ಕೊಟ್ಟು ಕೂರಿಸಿದ್ರು. ಊರು ಇರುವುದು ಗ್ರೀಸಿನ ಮಕೆದೋನ್ಯದಲ್ಲಿ, ಆದ್ರೆ ಕಾನೂನು ರೋಮಿನದ್ದು, ಕಚೇರಿ ಭಾಷೆ ಲ್ಯಾಟಿನ್. ಹೆಚ್ಚಿನವರು ರೋಮ್ ಕಣ್ಣಲ್ಲೇ ನೋಡಿರ್ಲಿಕ್ಕಿಲ್ಲ, ಆದ್ರೂ "ನಾವು ರೋಮಿನವರು" ಅಂತ ಎದೆ ಉಬ್ಬಿಸಿಕೊಂಡು ತಿರುಗುವವರು. ಸುಮಾರು ತೊಂಬತ್ತು ವರ್ಷ ಕಳೆದು, ಆ ಪತ್ರ ಬರೆದ ಪೌಲ ಅಲ್ಲಿಗೆ ಹೋದಾಗಲೂ ಅದೇ ಗತ್ತು. ಇಂಥ ಊರಿನ ವಿಶ್ವಾಸಿಗಳಿಗೆ ಅವನು ಬರೆಯುತ್ತಾನೆ, ನೀವು ಪರಲೋಕ ಸಂಸ್ಥಾನದವರು ಅಂತ. ಅವರಿಗೆ ತಟ್ಟನೆ ಅರ್ಥ ಆಗಿರ್ತದೆ. ಯಾಕೆ ಹೇಳಿ, ರೋಮಿನ ಕಾಲನಿಯವನ ಕೆಲಸ ಗಂಟುಮೂಟೆ ಕಟ್ಟಿ ರೋಮಿಗೆ ವಾಪಸ್ ಹೋಗುವುದಲ್ಲ, ಇದ್ದ ಊರಲ್ಲೇ ರೋಮಿನ ರೀತಿಯಲ್ಲಿ ಬದುಕುವುದು. ಹಾಗೆಯೇ ಇದು. ಪರಲೋಕದವರು ಅಂದ್ರೆ ಬೆಟಗೇರಿ ಬಸ್‌ಸ್ಟ್ಯಾಂಡಲ್ಲಿ ಸೂಟ್‌ಕೇಸ್ ಹಿಡ್ಕೊಂಡು ಮೇಲಿನ ಗಾಡಿಗೆ ಕಾಯುವವರು ಅಂತ ಅರ್ಥ ಅಲ್ಲ. ಬೆಟಗೇರಿಯಲ್ಲೇ ಆ ರಾಜ್ಯದ ಪದ್ಧತಿ ನಡೆಸುವವರು.

ನನಗೆ ನಮ್ಮ ಹಳೇ ಭಾಷಾಂತರದ "ಸಂಸ್ಥಾನ" ಅನ್ನುವ ಶಬ್ದ ಭಾರೀ ಇಷ್ಟ. ಆ ಕಾಲದ ಕನ್ನಡದವರಿಗೆ ಸಂಸ್ಥಾನ ಅಂದ್ರೆ ಮೈಸೂರು, ಸಂಡೂರು, ಮುಧೋಳ, ಜಮಖಂಡಿ. ಒಬ್ಬ ಮನುಷ್ಯ ಒಂದೇ ಹೊತ್ತಿಗೆ ಎರಡು ಒಡೆತನದ ಕೆಳಗೆ ಇರುವುದು ಅಂದ್ರೆ ಏನು ಅಂತ ಅವರಿಗೆ ಪಾಠ ಮಾಡಬೇಕಿರಲಿಲ್ಲ, ಮುಧೋಳದ ಅರಸ, ಅವನ ಮೇಲೆ ಬ್ರಿಟಿಷ್ ಚಕ್ರವರ್ತಿ. ಈಗಿನವರಿಗೆ ಸಂಸ್ಥಾನ ಅಂದ್ರೆ ಮಠ ನೆನಪಾಗ್ತದೆ.

ಇನ್ನೊಂದು ತಮಾಷೆ ಕೇಳಿ. ಅದೇ ಫಿಲಿಪ್ಪಿಯಲ್ಲಿ ಪೌಲನನ್ನೂ ಸೀಲನನ್ನೂ ವಿಚಾರಣೆ ಇಲ್ಲದೆ ಹೊಡೆದು ಜೈಲಿಗೆ ಹಾಕಿದ್ರು, ಅಪೊಸ್ತಲರ ಕೃತ್ಯಗಳು 16. ಬೆಳಿಗ್ಗೆ ಅಧಿಕಾರಿಗಳು "ಹೋಗ್ಲಿ, ಬಿಟ್ಟುಬಿಡಿ" ಅಂತ ಹೇಳಿ ಕಳಿಸ್ತಾರೆ. ಪೌಲ ಹೋಗ್ತಾನಾ? ಇಲ್ಲ. ನಾವು ರೋಮಿನ ಹಕ್ಕುಳ್ಳವರು, ಎಲ್ಲರ ಎದುರು ಹೊಡೆದು ಈಗ ಗುಟ್ಟಲ್ಲಿ ಕಳಿಸ್ತೀರಾ, ಅವರೇ ಬಂದು ಕರ್ಕೊಂಡು ಹೋಗ್ಲಿ ಅಂತಾನೆ. ಅಧಿಕಾರಿಗಳು ಹೆದರಿ ಬಂದು ಕೈಕಾಲು ಹಿಡಿದ ಹಾಗೆ ಮಾಡಿ ಕಳಿಸ್ತಾರೆ. ಪರಲೋಕಸಂಸ್ಥಾನ ಅಂತ ಬರೆದವನೂ ಅವನೇ, ಪೌರತ್ವದ ಹಕ್ಕು ಮೇಜಿನ ಮೇಲೆ ಬಡಿದು ಕೇಳಿದವನೂ ಅವನೇ. ಆ ಹುಡುಗನಿಗೆ ಇದನ್ನು ಓದಿಸಿ.

ಮಗನ ಪ್ರಶ್ನೆಗೆ ನನ್ನ ಹತ್ರ ಉತ್ತರ ಇಲ್ಲ, ಒಂದು ಕಥೆ ಉಂಟು. ನಮ್ಮ ಕಡೆಗೆ ಬಂದ ಬಾಸೆಲ್ ಮಿಶನರಿಗಳಲ್ಲಿ ಜರ್ಮನರೇ ಜಾಸ್ತಿ. ಮೋಗ್ಲಿಂಗ್ 1843ರಲ್ಲಿ ಮಂಗಳೂರಲ್ಲಿ ಕನ್ನಡದ ಮೊದಲ ಪತ್ರಿಕೆ ತೆಗೆದವರು, ಕಿಟೆಲ್ ನಿಘಂಟು 1894ರಲ್ಲಿ ಬಂದದ್ದು. 1914ರಲ್ಲಿ ಯುದ್ಧ ಶುರುವಾಯ್ತು ನೋಡಿ, ಮೊನ್ನೆ ತನಕ ಮದುವೆ ಮಾಡಿಸ್ತಿದ್ದ, ಜ್ಞಾನಸ್ನಾನ ಕೊಡ್ತಿದ್ದ ಅಯ್ಯಗಳು ಒಮ್ಮೆಲೇ ಶತ್ರು ದೇಶದವರು. ಬ್ರಿಟಿಷರು ಅವರನ್ನು ಬಂಧನದಲ್ಲಿಟ್ಟು ಆಮೇಲೆ ಊರಿಗೆ ಕಳಿಸಿದ್ರು, ಹಂಚಿನ ಕಾರ್ಖಾನೆ, ನೇಯ್ಗೆ ಕಾರ್ಖಾನೆ ಎಲ್ಲ ಕೈಬಿಟ್ಟುಹೋಯ್ತು. ಜರ್ಮನಿಯ ಇಗರ್ಜಿಯಲ್ಲೂ ಇಂಗ್ಲೆಂಡಿನ ಇಗರ್ಜಿಯಲ್ಲೂ ಅದೇ ಯೇಸುವಿನ ಹತ್ರ ಗೆಲುವು ಕೇಳ್ತಿದ್ರು. ಮಂಗಳೂರಿನ ಹಂಚಿನ ಕಾರ್ಖಾನೆಯ ಕ್ರೈಸ್ತ ಆಳು ಯಾರಿಗೆ ಅಂತ ಪ್ರಾರ್ಥನೆ ಮಾಡ್ಬೇಕು? ಮಗನಿಗೆ ಇದನ್ನೇ ಹೇಳಿ, ಅವನೇ ಯೋಚನೆ ಮಾಡ್ಲಿ.

ಬೆರೋಯದವನು:

ಎಲ್ಲರೂ ಆ ಹುಡುಗನ ಮೇಲೆ ಬೀಳೋ ಮುಂಚೆ ನಾನು ಸ್ವಲ್ಪ ಅವನ ಪರ ಮಾತಾಡ್ತೀನಿ, ಬೈಸ್ಕೊಳ್ಳೋಕೆ ರೆಡಿ.

ಅವನು ಹೇಳಿದ ಟೈಮ್ ತಪ್ಪು, ದೊಡ್ಡವರ ಕೈಯಲ್ಲಿ ಹಗ್ಗ ಇದ್ದಾಗ ಹೇಳ್ಬಾರ್ದಿತ್ತು, ಕಮಿಟಿಲಿ ಹೇಳ್ಬೇಕಿತ್ತು. ಸೆಲ್ಯೂಟ್ ವಿಗ್ರಹಾರಾಧನೆ ಅನ್ನೋದೂ ನಾನು ಒಪ್ಪಲ್ಲ, ಯಾರೂ ಧ್ವಜದ ಹತ್ರ ಪಾಪಕ್ಷಮೆ ಕೇಳಲ್ಲ. ಆದ್ರೆ ಅವನಿಗೆ ಒಂದು ವಾಸನೆ ಬಡಿದಿದೆ, ಆ ವಾಸನೆ ಸುಳ್ಳಲ್ಲ.

1933ರ ನಂತರ ಜರ್ಮನಿಲಿ ಏನಾಯ್ತು ನೋಡಿ. ಲೂಥರ್ ಹುಟ್ಟಿದ ದೇಶ, ಮನೆಮನೆಲೂ ಬೈಬಲ್ಲು. ಅಲ್ಲಿ "ಜರ್ಮನ್ ಕ್ರೈಸ್ತರು" ಅಂತಲೇ ಒಂದು ಪಂಗಡ ಎದ್ದು ಚರ್ಚ್ ಒಳಗೇ ಸ್ವಸ್ತಿಕ ಬಾವುಟ ತಂದು ನಿಲ್ಲಿಸ್ತು, ಯೆಹೂದಿ ಮೂಲದ ಪಾದ್ರಿಗಳನ್ನ ಹೊರಗೆ ಹಾಕ್ಬೇಕು ಅಂತು. ಯಾರಿಗೂ ನಾವು ದೇವರನ್ನ ಬಿಟ್ವಿ ಅಂತ ಅನ್ನಿಸ್ಲೇ ಇಲ್ಲ, ದೇಶವನ್ನ ಪ್ರೀತಿಸ್ತಿದೀವಿ ಅಂದ್ಕೊಂಡ್ರು. 1934ರ ಮೇ ತಿಂಗಳಲ್ಲಿ ಬಾರ್ಮೆನ್ ಊರಲ್ಲಿ ಕೆಲವರು ಸೇರಿ ಇದಕ್ಕೆ ಇಲ್ಲ ಅಂದ್ರು, ಸಭೆಗೆ ಕ್ರಿಸ್ತ ಒಬ್ಬನೇ ಒಡೆಯ, ಇನ್ನೊಬ್ಬ ನಾಯಕನನ್ನ ಆ ಜಾಗಕ್ಕೆ ತರೋಕಾಗಲ್ಲ ಅಂತ. ಆ ಹೇಳಿಕೆ ಬರೆಯೋದ್ರಲ್ಲಿ ಮುಖ್ಯವಾಗಿದ್ದ ಕಾರ್ಲ್ ಬಾರ್ಟ್ ಮುಂದಿನ ವರ್ಷ ಕೆಲಸ ಕಳ್ಕೊಂಡು ಸ್ವಿಟ್ಜರ್ಲೆಂಡಿಗೆ ವಾಪಸ್ ಹೋಗ್ಬೇಕಾಯ್ತು.

ಅದೇ ಚಳವಳಿಯ ಪಾದ್ರಿ ಬಾನ್‌ಹಾಫರ್ ಕಥೆ ಇನ್ನೂ ಬೇರೆ. 1939ರಲ್ಲಿ ಅಮೆರಿಕಕ್ಕೆ ಹೋಗಿ ಸೇಫಾಗಿ ಕೂತಿದ್ದೋರು, ಕೆಲವೇ ವಾರಕ್ಕೆ ವಾಪಸ್ ಹೊರಟ್ರು. ಈ ಕಷ್ಟದಲ್ಲಿ ನನ್ನ ಜನರ ಜೊತೆ ಇರ್ದೆ ಯುದ್ಧ ಮುಗಿದ್ಮೇಲೆ ಜರ್ಮನಿ ಕಟ್ಟೋಕೆ ನನಗೆ ಯಾವ ಹಕ್ಕು ಅಂತ ಅವರ ವಾದ. ಹೋಗಿ ಹಿಟ್ಲರ್ ವಿರುದ್ಧದ ಗುಂಪು ಸೇರ್ಕೊಂಡ್ರು, 1945 ಏಪ್ರಿಲ್ 9ಕ್ಕೆ ಗಲ್ಲಿಗೆ ಹಾಕಿದ್ರು, ಯುದ್ಧ ಮುಗಿಯೋಕೆ ಒಂದು ತಿಂಗಳೂ ಇರ್ಲಿಲ್ಲ. ಈಗ ಹೇಳಿ, ಅವರು ದೇಶದ್ರೋಹಿನಾ ದೇಶಪ್ರೇಮಿನಾ? ಅವತ್ತಿನ ಸರ್ಕಾರಿ ಕಾಗದದಲ್ಲಿ ದ್ರೋಹಿ. ಯಾರು ನಿಜವಾಗ್ಲೂ ಜರ್ಮನಿನ ಪ್ರೀತಿ ಮಾಡಿದ್ದು ಅಂತ ಈಗ ಕೇಳೋದೇ ಬೇಡ. (ಇವರಿಗೆ ಗಾಂಧೀಜಿ ಹತ್ರ ಬಂದಿರ್ಬೇಕು ಅಂತ ಆಸೆ ಇತ್ತು, 1934ರಲ್ಲಿ ಗಾಂಧೀಜಿ ಬನ್ನಿ ಅಂತ ಪತ್ರಾನೂ ಬರೆದಿದ್ರು, ಬರೋಕಾಗ್ಲಿಲ್ಲ. ಬಂದಿದ್ರೆ ಏನಾಗ್ತಿತ್ತೋ ಅಂತ ನಾನು ಸುಮಾರು ಸಲ ಯೋಚ್ನೆ ಮಾಡಿದೀನಿ.)

ಅದಕ್ಕೇ ನನ್ನ ಲೆಕ್ಕ ಸಿಂಪಲ್ಲು. ಕಂಪೌಂಡಲ್ಲಿ ಧ್ವಜ, ಖಂಡಿತ. ಪುಲ್ಪಿಟ್ ಪಕ್ಕ ಧ್ವಜ, ಬೇಡ. ಆ ಹದಿನೈದು ಹೆಜ್ಜೆ ದೂರ ಇದ್ಯಲ್ಲ, ಅದು ಮುಖ್ಯ.

ಮಗನಿಗೆ ನಮ್ಮ ದೇಶದ್ದೇ ಒಂದು ವಿಷಯ ಹೇಳಿ. 1985ರಲ್ಲಿ ಕೇರಳದಲ್ಲಿ ಯೆಹೋವನ ಸಾಕ್ಷಿಗಳು ಪಂಗಡದ ಮೂರು ಮಕ್ಕಳು, ಅಣ್ಣ ಮತ್ತು ಇಬ್ಬರು ತಂಗಿಯರು, ಸ್ಕೂಲಲ್ಲಿ ರಾಷ್ಟ್ರಗೀತೆಗೆ ಎದ್ದು ನಿಲ್ತಿದ್ರು ಆದ್ರೆ ಹಾಡ್ತಿರ್ಲಿಲ್ಲ. ಸ್ಕೂಲಿಂದ ತೆಗೆದ್ರು. ಕೇಸು ಸುಪ್ರೀಂ ಕೋರ್ಟ್ ತನಕ ಹೋಯ್ತು, ಬಿಜೋ ಇಮ್ಯಾನುಯೆಲ್ ಕೇಸ್ ಅಂತ ಲಾ ಓದೋರಿಗೆಲ್ಲ ಗೊತ್ತು. 1986 ಆಗಸ್ಟ್ 11ಕ್ಕೆ ಜಸ್ಟಿಸ್ ಚಿನ್ನಪ್ಪ ರೆಡ್ಡಿಯವರು ಇದ್ದ ಪೀಠ ಮಕ್ಕಳ ಪರ ಹೇಳ್ತು. ಗೌರವವಾಗಿ ಎದ್ದು ನಿಂತಿದಾರೆ, ಅಷ್ಟು ಸಾಕು, ಹಾಡಿಲ್ಲ ಅಂದ ಮಾತ್ರಕ್ಕೆ ಅವಮಾನ ಆಗಲ್ಲ ಅಂತ. ನಾನು ಅವರ ಪಂಗಡದವನಲ್ಲ, ಅವರ ಸಿದ್ಧಾಂತ ಸುಮಾರಷ್ಟು ಒಪ್ಪೋದೂ ಇಲ್ಲ, ನಾನು ಗಂಟಲು ಬಿಟ್ಟು ಹಾಡೋನು. ಆದ್ರೆ ನನ್ನ ದೇಶದ ಬಗ್ಗೆ ನನಗೆ ಹೆಮ್ಮೆ ಬರೋ ದಿನಗಳಲ್ಲಿ ಆ ದಿನಾನೂ ಒಂದು.

ಕುಡ್ಲದ_ಬಾಯಿ:

ನೀವು ಪ್ರೊಟೆಸ್ಟೆಂಟಿನವರು ಎಲ್ಲದಕ್ಕೂ ವಾಕ್ಯ ಹುಡುಕಿ ಜಗಳ ಮಾಡ್ತೀರಿ ಅಂತ ನಮ್ಮ ಅಜ್ಜಿ ಹೇಳ್ತಿದ್ರು, ತಪ್ಪಲ್ಲ ಅಂತ ಇವತ್ತು ಗೊತ್ತಾಯ್ತು 😄

ನಾವು ಕ್ಯಾಥೊಲಿಕರು. ನಮಗೆ ಆಗಸ್ಟ್ 15 ಅಂದ್ರೆ ಡಬಲ್ ಹಬ್ಬ, ಮರಿಯಮ್ಮನವರ ಸ್ವರ್ಗಾರೋಹಣವೂ ಅವತ್ತೇ. ಬೆಳಿಗ್ಗೆ ಪೂಜೆ, ಪೂಜೆ ಮುಗಿದು ಫಾದರ್ ಹೊರಗೆ ಬಂದು ಧ್ವಜ ಏರಿಸುವುದು, ಆಮೇಲೆ ಚಾ ಮತ್ತು ಬನ್ಸ್. ಸ್ವರ್ಗ ಒಂದು ಗಂಟೆ, ದೇಶ ಅರ್ಧ ಗಂಟೆ, ಬನ್ಸ್ ಒಂದು ಗಂಟೆ. ಯಾರಿಗೂ ತೊಂದರೆ ಆದದ್ದು ನಾನು ಕಾಣೆ.

ಇನ್ನು ಸ್ವಲ್ಪ ಸೀರಿಯಸ್ ಹೇಳ್ತೇನೆ. ಈ "ನೀವು ಯಾರ ಕಡೆ" ಅನ್ನುವ ಪ್ರಶ್ನೆ ನಮ್ಮವರಿಗೆ ಹೊಸತಲ್ಲ. 1784ರಲ್ಲಿ ಟಿಪ್ಪು ಸುಲ್ತಾನ್ ಕೆನರಾದ ಕ್ರೈಸ್ತರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ಸೆರೆ ಕೊಂಡುಹೋದದ್ದು ಇಂಗ್ಲಿಷರಿಗೆ ಸಹಾಯ ಮಾಡಿದ್ದಾರೆ ಅನ್ನುವ ಆರೋಪದ ಮೇಲೆ. ಬದುಕಿ ಉಳಿದವರು ವಾಪಸ್ ಬಂದದ್ದು 1799ರಲ್ಲಿ ಪಟ್ಟಣ ಬಿದ್ದ ಮೇಲೆ. ಯಾರು ಸಹಾಯ ಮಾಡಿದ್ರು, ಯಾರು ಮಾಡಲಿಲ್ಲ, ಇತಿಹಾಸದವರು ಇವತ್ತಿಗೂ ಚರ್ಚೆ ಮಾಡ್ತಾರೆ, ಆದ್ರೆ ನಡೆದು ಹೋದದ್ದು ಹೆಂಗಸರು ಮಕ್ಕಳು ಸಮೇತ ಊರಿಗೆ ಊರೇ. ನಮ್ಮ ಮನೆಗಳಲ್ಲಿ ಈಗಲೂ ಅದರ ಮಾತು ಬರ್ತದೆ.

ಆಮೇಲೆ ನೋಡಿ, ಅದೇ ಸಮುದಾಯದ ಜೋಕಿಂ ಆಳ್ವ ಬ್ರಿಟಿಷರ ಜೈಲಿಗೆ ಹೋದವರು, 1952ರಲ್ಲಿ ಲೋಕಸಭೆಗೆ ಹೋದವರು. ಅವರ ಹೆಂಡತಿ ವಯೊಲೆಟ್ ಆಳ್ವ ರಾಜ್ಯಸಭೆಯ ಉಪಸಭಾಪತಿ ಆಗಿದ್ದರು. ಜಾರ್ಜ್ ಫೆರ್ನಾಂಡಿಸರನ್ನು ಮನೆಯವರು ಪಾದ್ರಿ ಆಗು ಅಂತ ಬೆಂಗಳೂರಿನ ಸೆಮಿನರಿಗೆ ಕಳಿಸಿದ್ರು, ಅಲ್ಲಿಂದ ಬಿಟ್ಟು ಬಂದು ಯೂನಿಯನ್, ಜೈಲು, ಕೊನೆಗೆ ದೇಶದ ರಕ್ಷಣಾ ಮಂತ್ರಿ, ಸಿಯಾಚಿನ್ ಹಿಮಕ್ಕೆ ಎಷ್ಟೋ ಸಲ ಹೋಗಿ ಸೈನಿಕರ ಜೊತೆ ಕೂತವರು. ಅವರ ರಾಜಕೀಯ ನನಗೆ ಅರ್ಧ ಹಿಡಿಸ್ತದೆ ಅರ್ಧ ಹಿಡಿಸುವುದಿಲ್ಲ, ಅದು ಬಿಡಿ.

ಆದ್ರೂ 2008ರ ಸೆಪ್ಟೆಂಬರಲ್ಲಿ ನಮ್ಮ ಜಿಲ್ಲೆಯಲ್ಲಿ ಇಗರ್ಜಿಗಳ ಮೇಲೆ ದಾಳಿ ಆದಾಗ ನಾನು ಕಾಲೇಜಲ್ಲಿದ್ದೆ. ಅದಾದ ಮೇಲಿನ ವರ್ಷ ಜನವರಿ 26ಕ್ಕೆ ನಾನು ಧ್ವಜಾರೋಹಣಕ್ಕೆ ಹೋಗಲಿಲ್ಲ, ಸಿಟ್ಟು. ನಮ್ಮ ಅಪ್ಪ ಹೋದ್ರು. ವಾಪಸ್ ಬಂದು ಹೇಳಿದ್ದು ಒಂದೇ ಮಾತು, "ಮನೆಯಲ್ಲಿ ಅಣ್ಣ ಹೊಡೆದ ಅಂತ ಅಮ್ಮನ ಹತ್ರ ಮಾತು ಬಿಡುವುದಾ?" ನನಗೆ ಅವತ್ತು ಆ ಮಾತು ಸರಿ ಕಾಣಲಿಲ್ಲ. ಈಗಲೂ ಪೂರ್ತಿ ಸರಿ ಅಂತ ಹೇಳುವುದಿಲ್ಲ, ಅಮ್ಮ ಅಣ್ಣನಿಗೆ ಬುದ್ಧಿ ಹೇಳ್ಬೇಕಲ್ಲ. ಆದ್ರೆ ಮುಂದಿನ ವರ್ಷ ಹೋದೆ.

ಒಂದು ಮಾತು ಸ್ಪಷ್ಟ ಹೇಳ್ತೇನೆ ಅಕ್ಕ. ಯಾರೋ ಆಫೀಸಲ್ಲಿ ಕೇಳಿದ್ರು ಅಂತ ಧ್ವಜ ಹಾರಿಸ್ಬೇಡಿ. ಸರ್ಟಿಫಿಕೇಟಿಗೋಸ್ಕರ ಮಾಡುವ ಪ್ರೀತಿ ಗಂಡನಿಗೂ ಬೇಡ ದೇಶಕ್ಕೂ ಬೇಡ.

ಬಲ್ಮಠದವ:

@ಕುಡ್ಲದ_ಬಾಯಿ ಬನ್ಸಿನ ಜೊತೆ ಚಟ್ನಿ ಉಂಟಾದ್ರೆ ನಾನೂ ಈ ಆಗಸ್ಟಿಗೆ ಕ್ಯಾಥೊಲಿಕ್ ಆಗ್ತೇನೆ.

@ಬೆರೋಯದವನು ಹದಿನೈದು ಹೆಜ್ಜೆ ಮಾತು ಒಪ್ಪಿದೆ. ಆದ್ರೆ ಜರ್ಮನಿಯ ಉದಾಹರಣೆ ಸ್ವಲ್ಪ ಭಾರ ಆಯ್ತು ಅಲ್ವಾ, ಇಲ್ಲಿ ಒಬ್ಬ ಪೆನ್ಶನ್ ಅಜ್ಜ ಬೂಂದಿ ಲಾಡು ಹಂಚುವ ವಿಷಯ.

ಬೆರೋಯದವನು:

@ಬಲ್ಮಠದವ ಅಲ್ಲೂ ಶುರುವಾದಾಗ ಅಜ್ಜಂದಿರು ತಿಂಡಿ ಹಂಚೋದೇ ಇತ್ತೇನೋ ಬ್ರದರ್. ಸರಿ ಸರಿ, ಅಜ್ಜನಿಗೆ ಹೇಳ್ತಿಲ್ಲ, ನಮಗೆ ಹೇಳ್ತಿದೀನಿ.

ಡಲ್ಲಾಸ್_ಮೈಸೂರಿಗ:

ನಾನು ಮೈಸೂರಿನವನು, ಸಿಎಸ್‌ಐ, ಹದಿನಾಲ್ಕು ವರ್ಷ ಆಯ್ತು ಅಮೆರಿಕಕ್ಕೆ ಬಂದು. ಹೋದ ವರ್ಷ ಸಿಟಿಜನ್‌ಶಿಪ್ ತಗೊಂಡೆ. ಪ್ರಮಾಣವಚನದಲ್ಲಿ ಇಲ್ಲಿವರೆಗೆ ಯಾವ ರಾಜ ಯಾವ ದೇಶಕ್ಕೆ ನಿಷ್ಠೆ ಇತ್ತೋ ಅದನ್ನ ಪೂರ್ತಿ ಬಿಡ್ತೀನಿ ಅಂತ ಬಾಯಿಬಿಟ್ಟು ಹೇಳ್ಬೇಕು, ಕೊನೆಗೆ "ದೇವರು ನನಗೆ ಸಹಾಯ ಮಾಡಲಿ" ಅಂತ ಮುಗಿಸ್ತಾರೆ. ಅಂದ್ರೆ ಭಾರತ ಬಿಟ್ಟೆ ಅನ್ನೋಕೆ ದೇವರ ಸಹಾಯ ಕೇಳಿದೆ. ಪಾಸ್‌ಪೋರ್ಟ್ ವಾಪಸ್ ಕೊಡುವಾಗ ಕೈ ನಡುಗಿತು, ಸುಳ್ಳು ಹೇಳಲ್ಲ. ನಮ್ಮ ಸಂವಿಧಾನ ಎರಡು ಪೌರತ್ವ ಒಪ್ಪಲ್ಲ, ಪೌಲ ಒಪ್ತಾನೆ, ಏನ್ ಮಾಡೋಕಾಗುತ್ತೆ.

ನಾವು ಹೋಗೋ ಅಮೆರಿಕನ್ ಚರ್ಚಲ್ಲಿ ವೇದಿಕೆ ಮೇಲೇ ಒಂದು ಕಡೆ ಅಮೆರಿಕದ ಧ್ವಜ, ಇನ್ನೊಂದು ಕಡೆ ಬಿಳಿ ಬಟ್ಟೆಯ ಮೂಲೆಲಿ ನೀಲಿ ಚೌಕ, ಅದರಲ್ಲಿ ಕೆಂಪು ಶಿಲುಬೆ ಇರೋ ಕ್ರೈಸ್ತ ಧ್ವಜ. ಜುಲೈ 4 ಹತ್ತಿರದ ಭಾನುವಾರ ದೇಶಭಕ್ತಿ ಹಾಡು ಹಾಡಿಸ್ತಾರೆ, ಸೈನ್ಯದಲ್ಲಿದ್ದೋರು ಎದ್ದು ನಿಲ್ಲಿ ಅಂತಾರೆ, ಚಪ್ಪಾಳೆ. ನನಗೆ ಯಾಕೋ ಮುಜುಗರ ಆಯ್ತು, ಇದು ದೇವರ ಮನೆ ಅಲ್ವಾ ಅಂತ. ಆಮೇಲೆ ನೆನಪಾಯ್ತು, ಮೈಸೂರಲ್ಲಿ ನಾನು ಸಂಡೇ ಸ್ಕೂಲ್ ಮಕ್ಕಳಿಗೆ ಇದನ್ನೇ ಮಾಡಿಸ್ತಿದ್ದೆ, ಆಗ ಒಂದು ದಿನವೂ ಮುಜುಗರ ಆಗಿರ್ಲಿಲ್ಲ. ಬೇರೆಯವರ ದೇಶಪ್ರೇಮ ನಮಗೆ ಅತಿ ಅನ್ಸುತ್ತೆ, ನಮ್ದು ಗಾಳಿ ಥರ, ಕಾಣೋದೇ ಇಲ್ಲ. ಆ ಹುಡುಗ ಕಾಣೋ ಹಾಗೆ ಮಾಡಿದ, ಅದಕ್ಕೆ ಎಲ್ಲರಿಗೂ ನೋವಾಗಿರೋದು ಅನ್ಸುತ್ತೆ.

ಧಾರವಾಡ_ಪೇಢಾ:

ನಾ ಕ್ರಿಶ್ಚಿಯನ್ ಅಲ್ರೀ, ಲಿಂಗಾಯತರಾಂವ. ಚರ್ಚೆ ಛಲೋ ನಡದಿತ್ತು, ಓದಕೊಂತ ಕುಂತಿದ್ದೆ. ಒಂದು ಮಾತು ನೇರ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. "ಪರಲೋಕ ಮೊದಲು, ದೇಶ ಆಮ್ಯಾಲೆ" ಅಂತ ನೀವು ಅಂದ್ರ ಹೊರಗಿನಾಂವಗ ಸ್ವಲ್ಪ ಕಸಿವಿಸಿ ಆಗ್ತೈತಿ. ನಾಳೆ ಎರಡಕ್ಕೂ ಜಗಳ ಬಿದ್ರ ನೀವು ಎಲ್ಲಿ ನಿಲ್ತೀರಿ ಅಂತ. ನಮ್ಮ ಮಂದಿ ಬಾಯಿ ಬಿಟ್ಟು ಕೇಳೂದಿಲ್ಲ, ಮನಸ್ಸಿನ್ಯಾಗ ಇಟ್ಕೊಂತಾರ, ಅದಕ್ಕ ನಾ ಕೇಳಿಬಿಟ್ಟೆ.

ಆದ್ರ ಕೇಳಿದ ಮ್ಯಾಲೆ ನನಗ ನಾನ ಉತ್ತರ ಹೊಳೀತು. ಬಸವಣ್ಣನೋರು ಕಲ್ಯಾಣದಾಗ ಬಿಜ್ಜಳನ ಭಂಡಾರಿ. ಅರಸನ ರೊಕ್ಕದ ಲೆಕ್ಕ ಅವರ ಕೈಯಾಗ. ಒಂದು ಕಾಸು ಅತ್ತಿತ್ತ ಮಾಡಿದಾವರಲ್ಲ. ಹಂಗಂತ ಅವರ ಒಡೆಯ ಯಾರು ಅಂದ್ರ ಬಿಜ್ಜಳ ಅಲ್ಲ, ಕೂಡಲಸಂಗಮದೇವ. ಆ ಒಡೆಯನ ಅಂಜಿಕಿ ಇತ್ತಂತನ ಈ ಅರಸನ ಭಂಡಾರ ಸರಿ ಇತ್ತು. ಮತ್ತ ಬಿಜ್ಜಳ ತಪ್ಪಿದಾಗ ಎದುರು ನಿಂತದ್ದೂ ಅದಕ್ಕ. ಬಿಜ್ಜಳನ ಆಸ್ಥಾನದಾಗ ಹೌದಪ್ಪಗಳು ಇನ್ನೂ ಭಾಳ ಮಂದಿ ಇದ್ದಿರಬೇಕು, ಅವರ ಹೆಸರು ನಮಗ ಯಾರಿಗರ ಗೊತ್ತೈತೇನು?

ಅಂದ್ರ ಮ್ಯಾಲೊಬ್ಬ ಒಡೆಯ ಇದ್ದಾಂವ ಕೆಳಗಿನ ಅರಸಗ ಅಪಾಯ ಅಂತ ಅಲ್ಲ, ಖೊಟ್ಟಿ ಅರಸಗ ಮಾತ್ರ ಅಪಾಯ. ತಪ್ಪಿದ್ರ ತಿದ್ರಿ.

ಬಲ್ಮಠದವ:

@ಧಾರವಾಡ_ಪೇಢಾ ನಾಲ್ಕು ವರ್ಷ ಥಿಯಾಲಜಿ ಓದಿದವ ನಾನು, ಇಷ್ಟು ಚೆಂದ ಹೇಳ್ಲಿಕ್ಕೆ ಬರಲಿಲ್ಲ ನನಗೆ. ನೀವು ನೇರ ಕೇಳಿದ್ದಕ್ಕೆ ನೇರ ಉತ್ತರ ಕೊಡ್ತೇನೆ. ಜಗಳ ಬಿದ್ರೆ ದೇವರ ಕಡೆ, ಅದರಲ್ಲಿ ಅಡಗಿಸುವಂಥದ್ದು ಇಲ್ಲ, ಯೇಸುವಿನ ಶಿಷ್ಯ ಪೇತ್ರ ಯೆರೂಸಲೇಮಿನ ಹಿರೀಸಭೆಯ ಎದುರೇ ಹೇಳಿದ್ದಾನೆ ಮನುಷ್ಯರಿಗಿಂತ ದೇವರಿಗೆ ವಿಧೇಯರಾಗ್ಬೇಕು ಅಂತ. ಆದ್ರೆ ಹಾಗೆ ಹೇಳಿ ಅವನು ಕತ್ತಿ ಹಿರಿಯಲಿಲ್ಲ, ಪೆಟ್ಟು ತಿಂದು ಹೋದ. ತೆರಿಗೆ ಕೊಡು, ಅರಸನಿಗೆ ಮರ್ಯಾದೆ ಕೊಡು, ಅವನಿಗಾಗಿ ಪ್ರಾರ್ಥನೆ ಮಾಡು, ತಪ್ಪು ಮಾಡು ಅಂದ್ರೆ ಮಾಡ್ಬೇಡ, ಅದರ ಪೆಟ್ಟು ನೀನೇ ತಿನ್ನು. ಇಷ್ಟೇ ನಮ್ಮ ಪಾಲಿಸಿ. ಎಲ್ಲರೂ ಹಾಗೆ ನಡೆದಿದ್ದಾರೆ ಅಂತ ಹೇಳಿದ್ರೆ ಸುಳ್ಳಾದೀತು, ಬ್ರಿಟಿಷರ ಕಾಲದಲ್ಲಿ ಚಕ್ರವರ್ತಿಗೆ ದೀರ್ಘಾಯುಷ್ಯ ಬೇಡುವುದರಲ್ಲೇ ಹಾಯಾಗಿದ್ದ ನಮ್ಮವರು ಬೇಕಾದಷ್ಟು ಜನ. ಅದೇ ಕಾಲದಲ್ಲಿ ನಮ್ಮ ಕ್ರೈಸ್ತರೇ ಆದ ಅರ್ಥಶಾಸ್ತ್ರಜ್ಞ ಜೆ.ಸಿ. ಕುಮಾರಪ್ಪ ಗಾಂಧೀಜಿ ಹಿಂದೆ ಜೈಲಿಗೂ ಹೋದ್ರು. ಆಮೇಲೆ ಸಂವಿಧಾನ ಸಭೆಯ ಉಪಾಧ್ಯಕ್ಷರಾಗಿದ್ದ ಎಚ್.ಸಿ. ಮುಖರ್ಜಿ ಬಂಗಾಳದ ಕ್ರೈಸ್ತರು, ಧರ್ಮದ ಲೆಕ್ಕದಲ್ಲಿ ಮೀಸಲು ಕ್ಷೇತ್ರ ನಮಗೆ ಬೇಡ ಅಂದವರು. ಸಿಎಸ್‌ಐ ಅನ್ನುವ ಸಭೆಯೇ ಹುಟ್ಟಿದ್ದು 1947 ಸೆಪ್ಟೆಂಬರ್ 27ಕ್ಕೆ, ದೇಶಕ್ಕೆ ಸ್ವಾತಂತ್ರ್ಯ ಬಂದು ಆರು ವಾರ ಆಗಿತ್ತಷ್ಟೆ. ಅವಳಿಜವಳಿ ಅನ್ನಿ ಬೇಕಾದ್ರೆ.

ಬೆಟಗೇರಿ_ಸೊಸಿ:

ಎಲ್ಲಾರಿಗೂ ಥ್ಯಾಂಕ್ಸ್ ರೀ, ಇಷ್ಟ್ ಮಂದಿ ಬರೀತೀರಿ ಅಂತ ಅಂದ್ಕೊಂಡಿರಲಿಲ್ಲ. ಅಡಿಗಿ ಮನ್ಯಾಗ ನಿಂತು ಒಂದೊಂದ ಓದಿದೆ, ಒಂದ್ ರೊಟ್ಟಿ ಸುಟ್ಟಿತು.

ರಾತ್ರಿ ಮಾವನೋರಿಗೆ ಮೊಬೈಲ್ ತಗದು ಓದಿ ಹೇಳಿದೆ. ಜರ್ಮನಿ ಕಥಿಗೆ ಹ್ಞೂಂ ಅಂದ್ರು. ಕೇರಳದ ಮಕ್ಕಳ ಕಥಿಗೆ ಸ್ವಲ್ಪ ಹೊತ್ತು ಸುಮ್ಮನಿದ್ದು "ಎದ್ದು ನಿಂತಿದ್ವಲ್ಲ, ಮತ್ತೇನು" ಅಂದ್ರು, ಅದು ನನಗ ಆಶ್ಚರ್ಯ ಆತು, ಬೈತಾರ ಅಂದ್ಕೊಂಡಿದ್ದೆ. ಪೇಢಾ ಅವರು ಬರದದ್ದು ಎರಡ್ ಸಲ ಓದಿಸಿದ್ರು.

ಫಿಲಿಪ್ಪಿ ಬಂದ ಕೂಡಲೆ ಎದ್ದು ಕುಂತ್ರು. "ಅಂದ್ರ ಅವರೆಲ್ಲಾ ರಿಟೈರ್ಡ್ ಸೋಲ್ಜರ್ಸ್ ಏನು?" ಮೊದಲನೇದಾವ್ರು ಹೌದ್ರಿ, ಆಮ್ಯಾಲೆ ಅವರ ಮಕ್ಕಳು ಮರಿ ಅಂದೆ. "ಜಮೀನ್ ಕೊಟ್ಟಿದ್ರಂತಾ?" ಹೌದಂತ್ರಿ. "ಎಷ್ಟ್ ಎಕರೆ?" ಅದು ನನಗೇನ್ ಗೊತ್ತು. ಬಲ್ಮಠದ ಬ್ರದರ್, ನಿಮಗೇನರ ಗೊತ್ತಿದ್ರ ಬರೀರಿ, ಬೆಳಿಗ್ಗಿಂದ ಮೂರು ಸಲ ಕೇಳ್ಯಾರ. 71 ಆದಮ್ಯಾಲೆ ಅವರ ದೋಸ್ತ ಒಬ್ರಿಗೆ ಜಮೀನ್ ಮಂಜೂರಾಗಿ ಎಷ್ಟೋ ವರ್ಷ ಕೈಗೆ ಸಿಗಲಿಲ್ಲಂತ, ಆ ಕಥಿ ಮತ್ತ ಶುರು ಆತು, ಹನ್ನೊಂದೂವರಿಗೆ ಮಲಗಿದ್ವಿ.

ಆಮ್ಯಾಲೆ ತಾವ ದೊಡ್ಡ ಬೈಬಲ್ ತಗೊಂಡು ಪೆನ್ಶನ್ ಪೇಪರ್ ಎಲ್ಲಾ ಬಾಜೂಕ ಇಟ್ಟು ಫಿಲಿಪ್ಪಿ ತಗದ್ರು. ನಾಲ್ಕ ಅಧ್ಯಾಯ ಅಲ್ರೀ ಅದು, ಪೂರ್ತಿ ಓದಿದ್ರು, ಕನ್ನಡಕ ಒರಸ್ಕೊಂತ. ಪೇಪರ್ ವಾಪಸ್ ಇಡುವಾಗ ಕೀರ್ತನೆಯೊಳಗ ಇಡಲಿಲ್ಲ, ಅಲ್ಲೇ ಇಟ್ರು. ಇನ್ನ ಬ್ಯಾಂಕಿಗೆ ಹೋಗುವಾಗ ಹುಡುಕಾಡೂದು ನಾನ.

ಐತ್ವಾರ ಬರ್ತಾರೋ ಇಲ್ಲೋ ಇನ್ನೂ ಹೇಳಿಲ್ಲ. ಆದ್ರ ಆ ಹುಡುಗನ್ನ ಮನಿಗೆ ಚಾಕ್ಕ ಕರಿ ಅಂದಾರ, "ಅಂವಗ ಪಾಠ ಅರ್ಧ ಕಲಿಸಿ ಕಳಿಸ್ಯಾರ" ಅಂತ. ಕರಿಯಾಕ ನನಗ ಸ್ವಲ್ಪ ಹೆದರಿಕಿ ಐತಿ. ಮಗ ಮಾತ್ರ ತಾನೂ ಕುಂಡ್ರತೀನಿ ಅಂತ ಈಗ ಹಟಾ ಹಿಡದಾನ, ಯುದ್ಧದ ಪ್ರಶ್ನಿ ಇಬ್ಬರಿಗೂ ಕೇಳ್ತಾನಂತ.